ಅಜ್ಜನನ್ನು ಒಯ್ದ ಗೆಳೆಯ

ನನ್ನ ಅಜ್ಜನಿಗೆ ಗಡಿಯಾರ ಪೂರ್ತಿ ನೋಡಲು ಬರುತ್ತಿರಲಿಲ್ಲ, ಅರ್ಧ ಬರುತ್ತಿತ್ತು. ಮೂಡಲಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಗಾಜಿನ ಬಾಗಿಲಿನ ಉದ್ದನೆಯ ಗೋಡೆ ಗಡಿಯಾರವೊಂದಿತ್ತು. ಅದು ಬೇರೆಯವರ ಮನೆಯ ಗಡಿಯಾರದಂತಿರಲಿಲ್ಲ. ಬಿಳಿಯ ತಟ್ಟೆಯ ನಡುವೆ ಒಂದೇ ಒಂದು ಉದ್ದನೆಯ ಮುಳ್ಳು, ಅದು ನಿಮಿಷದ್ದು. ಗಂಟೆಯ ಮುಳ್ಳು ಮೇಲೆ ಒಂದು ಸಣ್ಣ ವರ್ತುಲದೊಳಗೆ, ಸೆಕೆಂಡಿನದು ಕೆಳಗೆ ಇನ್ನೊಂದು ಸಣ್ಣ ವರ್ತುಲದೊಳಗೆ. ಮೂರಕ್ಕೂ ಬೇರೆ ಬೇರೆ ಮನೆ. ಮೊದಲ ಸಲ ನೋಡಿದವರು ನಾಲ್ಕೂವರೆಗೆ ಆರು ಎಂದುಬಿಡುತ್ತಿದ್ದರು. ಅಜ್ಜ ಮಾತ್ರ ಎಂದೂ ತಪ್ಪುತ್ತಿರಲಿಲ್ಲ, ಏಕೆಂದರೆ ಅವನು ಆ ಉದ್ದ ಮುಳ್ಳನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಯಾರಾದರೂ ಅದನ್ನು ಎತ್ತಿ ಆಡಿದರೆ ಅವನ ಉತ್ತರ ಸಿದ್ಧವಿರುತ್ತಿತ್ತು: "ತಾಸು ಸೂರ್ಯಪ್ಪ ಹೇಳತಾನ. ಮಿಂಟ ಅಷ್ಟ ಇದನ್ನ ಕೇಳತೇನಿ."

ಅಜ್ಜ ಕುರಿ ಸಾಕಿದವನು. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಹುಕ್ಕೇರಿ ಸೀಮೆಗೆ ಹೋಗುತ್ತಿದ್ದ. ಕುರಿಗಳನ್ನು ರಾತ್ರಿ ಹೊಲದಲ್ಲಿ ತರುಬಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ; ಅದಕ್ಕೆ ಹೊಲದವರು ಜೋಳ ಅಳೆದು ಕೊಡುತ್ತಾರೆ. ಘೋಡಗೇರಿ ಕಡೆಯ ಒಂದು ವಾಡೆಯವರು ಅವನನ್ನು ವರ್ಷ ತಪ್ಪದೆ ಕರೆಯುತ್ತಿದ್ದರು. ಒಂದು ವರ್ಷ ಅವನು ಹೋದಾಗ ಆ ಮನೆಯ ಅಣ್ಣತಮ್ಮಂದಿರು ಬೇರೆಯಾಗಿ ವಾಡೆ ಖಾಲಿ ಮಾಡುತ್ತಿದ್ದರು. ಹಂಡೆ, ಮಂಚ, ಕನ್ನಡಿ ಎಲ್ಲ ಅಂಗಳದಲ್ಲಿದ್ದವು. ಜೋಳ ಅಳೆಯಲು ಬಂದ ಯಜಮಾನರಿಗೆ ಅಜ್ಜ, ಈ ಸಲ ಕಾಳು ಬೇಡ, ಆ ಗಡಿಯಾರ ಕೊಡಿರಿ ಎಂದನಂತೆ. ಅವರು ನಕ್ಕರಂತೆ, ಆದರೆ ಕೊಟ್ಟರು. ಕುದುರೆಯ ಬೆನ್ನಿನ ಒಂದು ಮಗ್ಗುಲಿಗೆ ಹಾದಿಯಲ್ಲಿ ಹುಟ್ಟಿದ ಮರಿಗಳು, ಇನ್ನೊಂದು ಮಗ್ಗುಲಿಗೆ ಕಂಬಳಿಯಲ್ಲಿ ಸುತ್ತಿದ ಗಡಿಯಾರ, ಹೀಗೆ ಅದು ಮೂಡಲಗಿಗೆ ಬಂತು. ಕಾಳಿನ ಚೀಲ ಇಳಿಸಿಕೊಳ್ಳಲು ಬಾಗಿಲಿಗೆ ಬಂದ ಅಜ್ಜಿ ಕಂಬಳಿ ಬಿಚ್ಚಿ ನೋಡಿ, ಇದನ್ನು ಬೀಸಿದರೆ ಹಿಟ್ಟು ಬರುತ್ತದೆಯೇ ಎಂದು ಕೇಳಿದಳಂತೆ. ಒಂದು ವಾರ ಅವನೊಂದಿಗೆ ಮಾತಾಡಲಿಲ್ಲವಂತೆ.

ಇದನ್ನೆಲ್ಲ ನನಗೆ ಹೇಳಿದವಳು ಅತ್ತಿ, ಎಂದರೆ ಅಜ್ಜನ ಮಗಳು, ನನ್ನ ಅಪ್ಪನ ಅಕ್ಕ. ಆಕೆಯನ್ನು ಊರಲ್ಲೇ ಕೊಟ್ಟಿದ್ದರು. ಅಜ್ಜನ ಮನೆಯಲ್ಲಿ ಈಗ ಆಕೆಯೇ ಇದ್ದಾಳೆ; ಆಕೆಯ ಮಕ್ಕಳು ಸೊಸೆಯರು ಮೊಮ್ಮಕ್ಕಳು ಗದ್ದಲ ಹಾಕಿಕೊಂಡಿದ್ದಾರೆ. ಗಡಿಯಾರ ಬಂದ ಹೊಸದರಲ್ಲಿ ಊರಿಗೆ ಫೋಟೋದವನೊಬ್ಬ ಬಂದಿದ್ದ. ಅವನಿಂದ ಅಜ್ಜ ಒಂದು ಫೋಟೋ ತೆಗೆಸಿದ್ದ. ಗಡಿಯಾರದ ಕೆಳಗೆ ರುಮಾಲು ಸುತ್ತಿ, ಹೆಗಲ ಮೇಲೆ ಕಂಬಳಿ ಹಾಕಿ ನಿಂತಿದ್ದಾನೆ. ಪಕ್ಕದಲ್ಲಿ ಪರಕಾರ ಉಟ್ಟ ಸಣ್ಣ ಹುಡುಗಿಯೊಬ್ಬಳು ಆ ಕಂಬಳಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದಾಳೆ. ಅವಳೇ ಅತ್ತಿ. ಆಕೆಯ ಬಾಲ್ಯದ ಫೋಟೋ ಎಂದು ಇರುವುದು ಅದೊಂದೇ.

ನಾನು ಪಿಯುಸಿಗೆ ಗೋಕಾಕಕ್ಕೆ ಹೋಗಿ ಬಾಡಿಗೆ ಕೋಣೆ ಹಿಡಿದಾಗ ನನ್ನ ಬೆಂಚಿನಲ್ಲಿ ಕೂತವನು ಮುಂದೆ ನನ್ನ ಜೀವದ ಗೆಳೆಯನಾದ. ಅವನು ಗೋಕಾಕದವನೇ. ಅವನ ಅಜ್ಜ ಕಟ್ಟಿಗೆಯ ಆಟಿಗೆ, ಎಂದರೆ ಆಟದ ಸಾಮಾನು, ಮಾಡುವವರು. ಅವರ ಮಾಳಿಗೆಯ ಮೇಲೆ ಬಣ್ಣ ಹಚ್ಚಿದ ಬಾಳೆಹಣ್ಣು, ಸೀತಾಫಲ, ಪೇರಲಹಣ್ಣು ಒಣಗಲು ಇಟ್ಟಿರುತ್ತಿದ್ದರು. ಮೊದಲ ಸಲ ಹೋದಾಗ ನಾನು ನಿಜವಾದ ಹಣ್ಣೆಂದು ಒಂದನ್ನು ಕೈಗೆತ್ತಿಕೊಂಡು ಬೆರಳಿಗೆ ಹಸಿರು ಬಣ್ಣ ಮಾಡಿಕೊಂಡಿದ್ದೆ. ಅವನ ಅಜ್ಜ ಬೈಯಲಿಲ್ಲ, ಇನ್ನೊಮ್ಮೆ ಬಣ್ಣ ಹಚ್ಚಿದರಾಯಿತು ಎಂದರು. ಗೆಳೆಯನಿಗೆ ಮಾತ್ರ ಆ ಮನೆಯ ಬಣ್ಣದ ರೋಗನ್ನಿನ ವಾಸನೆ ಸೇರುತ್ತಿರಲಿಲ್ಲ. ಓದುವ ನೆವ ಹೇಳಿ ನನ್ನ ಕೋಣೆಗೇ ಬಂದು ಮಲಗುತ್ತಿದ್ದ. ದೀಪ ಆರಿಸಿದ ಮೇಲೆ, ಕುರಿ ಕಾಯುವವರ ಕತೆ ಹೇಳು ಎಂದು ದುಂಬಾಲು ಬೀಳುತ್ತಿದ್ದ. ಗಡಿಯಾರ ಕುದುರೆಯ ಮೇಲೆ ಬಂದದ್ದನ್ನು ಎಷ್ಟು ಸಲ ಹೇಳಿಸಿದನೋ. ಅಜ್ಜಿಯ ಮಾತು ಬಂದಾಗ ಪ್ರತಿ ಸಲವೂ ಹೊಸದಾಗಿ ನಗುತ್ತಿದ್ದ. ನನ್ನ ಅಜ್ಜನನ್ನು ಅವನು ಕಣ್ಣಿಂದ ಕಂಡವನಲ್ಲ.

ಮುಂದೆ ನಾನು ಕಣ್ಣು ತಪಾಸಣೆಯ ಕೋರ್ಸು ಮಾಡಿ ಹುಕ್ಕೇರಿಯಲ್ಲಿ ಕನ್ನಡಕದ ಅಂಗಡಿ ಇಟ್ಟೆ. ಅವನು ಡಿಪ್ಲೊಮಾ ಮುಗಿಸಿ ಪುಣೆಗೆ ಹೋಗಿ, ಸಣ್ಣ ಸಣ್ಣ ಯಂತ್ರದ ಭಾಗ ಕಡೆಯುವ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದ. ನಮ್ಮಿಬ್ಬರ ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡ ಮೇಲೆ ಒಂದು ದಿನ ಅಂಗಡಿಗೆ ಬಂದು, ನೌಕರಿ ಬಿಟ್ಟೆ, ಗೋಕಾಕದಲ್ಲೇ ಕೂತು ಕೈಗಡಿಯಾರ ಮಾಡುತ್ತೇನೆ ಎಂದ. ನಾನು ಹುಚ್ಚು ಎಂದುಕೊಂಡೆ. ಬ್ಯಾಟರಿಯದಲ್ಲ, ಚಾವಿ ಕೊಡುವ ವಾಚು. ಒಳಗಿನ ಯಂತ್ರ ಹೊರದೇಶದಿಂದ ತರಿಸಿ, ಕವಚವನ್ನು ಬೆಳಗಾವಿಯಲ್ಲಿ ಕಡೆಸಿ, ತಟ್ಟೆ ಮುಳ್ಳು ತಾನೇ ಮಾಡಿ ಜೋಡಿಸುತ್ತೇನೆ ಎಂದ. ಎಲ್ಲ ಹೇಳಿದ ಮೇಲೆ ಕೇಳಿದ: "ನಿಮ್ಮಜ್ಜನ ಗಡ್ಯಾಳ ಇನ್ನೂ ಐತೇನು?"

ಮರುವಾರವೇ ಅವನನ್ನು ಮೂಡಲಗಿಗೆ ಕರೆದುಕೊಂಡು ಹೋದೆ. ಗಡಿಯಾರದ ಮುಂದೆ ಅವನು ದೇವರ ಮುಂದೆ ನಿಂತಂತೆ ನಿಂತ. ನಮಗೆ ಯಾರಿಗೂ ಗೊತ್ತಿಲ್ಲದ್ದನ್ನು ಅಂದು ಅವನೇ ಹೇಳಿದ. ಇದಕ್ಕೆ ರೆಗ್ಯುಲೇಟರ್ ಎನ್ನುತ್ತಾರಂತೆ. ಆಸ್ಟ್ರಿಯಾ ದೇಶದ ಹಳೆಯ ಕುಶಲಕರ್ಮಿಗಳ ರೀತಿಯಂತೆ. ವಿಯೆನ್ನಾದಲ್ಲಿ ಗಡಿಯಾರ ಮಾಡುವವರು ಇಂಥದೊಂದನ್ನು ಗೋಡೆಗೆ ಹಾಕಿಕೊಂಡು, ಉಳಿದ ಗಡಿಯಾರಗಳನ್ನೆಲ್ಲ ಇದನ್ನು ನೋಡಿ ಹೊಂದಿಸುತ್ತಿದ್ದರಂತೆ. ಒಂದು ಮುಳ್ಳು ಇನ್ನೊಂದನ್ನು ಮರೆಮಾಡಬಾರದೆಂದು ಮೂರನ್ನೂ ಬೇರೆ ಮಾಡಿದ್ದು. ಇದನ್ನೇ ಮಣಿಕಟ್ಟಿನ ಮೇಲೆ ತರುತ್ತೇನೆ ಎಂದ. ಅತ್ತಿ ಬಾಯಿ ತೆರೆದು ಕೇಳುತ್ತಿದ್ದಳು. ಆಮೇಲೆ ಆಕೆಯ ಸರದಿ. ಅವನು ಫೋನು ಎದುರಿಗಿಟ್ಟು ಒಂದೊಂದಾಗಿ ಕೇಳಿದ, ಆಕೆ ಒಂದೊಂದಾಗಿ ಹೇಳಿದಳು. ಅಜ್ಜ ಚಾವಿ ಕೊಡುವ ಮೊದಲು ಕೈ ತೊಳೆಯುತ್ತಿದ್ದದ್ದು, ಮರಿ ಸತ್ತ ದಿನ ಚಾವಿ ಕೊಡದೆ ಬಿಡುತ್ತಿದ್ದದ್ದು ನನಗೂ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಆಕೆಯನ್ನು ಇಷ್ಟು ಹೊತ್ತು ಕೂರಿಸಿಕೊಂಡು ಮಾತಾಡಿಸಿದ್ದು ನಾನು ಕಂಡಿಲ್ಲ. ಸಂಜೆ ಹೊರಡುವಾಗ ರೊಟ್ಟಿಗೆ ಹಚ್ಚಿಕೊಳ್ಳಲು ಅವನ ಕೈಗೆ ಶೇಂಗಾದ ಹಿಂಡಿಯ ಡಬ್ಬಿ ಕೊಟ್ಟಳು.

ಅಳತೆ ತೆಗೆಯಲು, ಒಳಗಿನ ಕೆಲಸ ನೋಡಲು ಗಡಿಯಾರವನ್ನೇ ಕೆಲವು ತಿಂಗಳು ಗೋಕಾಕಕ್ಕೆ ಒಯ್ಯಬೇಕು ಎಂದು ಅವನು ಕೇಳಿದಾಗ ಮಾತ್ರ ಆಕೆ ಹಿಂಜರಿದಳು. ಅದು ಬಂದಂದಿನಿಂದ ಗೋಡೆ ಬಿಟ್ಟು ಇಳಿದಿರಲಿಲ್ಲ. ನನ್ನ ಮುಖ ನೋಡಿದಳು.

"ಕೊಡು ಅತ್ತಿ," ಎಂದೆ. "ಅಂವ ಬ್ಯಾರೆ ಅಲ್ಲ, ನಾ ಬ್ಯಾರೆ ಅಲ್ಲ."

ಆಕೆ ಫೋಟೋವನ್ನೂ ಗೋಡೆಯಿಂದ ತೆಗೆದು ಕೊಟ್ಟಳು. ನೋಡಿ ಮಾಡಲು ಬೇಕಾಗಬಹುದು ಎಂದು ಆಕೆಗೇ ಅನಿಸಿತ್ತು.

ಆ ವರ್ಷ ನಮ್ಮಿಬ್ಬರಿಗೂ ಮತ್ತೆ ಪಿಯುಸಿ ವಯಸ್ಸು ಬಂದಂತಿತ್ತು. ಭಾನುವಾರ ಅಂಗಡಿ ಮುಚ್ಚಿದ ಕೂಡಲೇ ನಾನು ಗೋಕಾಕದ ಬಸ್ಸು ಹತ್ತುತ್ತಿದ್ದೆ. ಯಂತ್ರದ ಕೆಲಸ ನನಗೆ ತಿಳಿಯದು. ಆದರೆ ಕಣ್ಣು ನನಗೆ ಗೊತ್ತು. ನಲವತ್ತು ದಾಟಿದವನಿಗೆ ಮಣಿಕಟ್ಟಿನ ಮೇಲಿನ ಸಣ್ಣ ಅಂಕಿ ಎಲ್ಲಿ ಮಸುಕಾಗುತ್ತದೆ, ಗೆರೆ ಎಷ್ಟು ದಪ್ಪವಿದ್ದರೆ ಓದಬಹುದು, ನೀಲಿ ಮುಳ್ಳು ಚೆನ್ನಾಗಿ ಕಾಣುವುದೋ ಕಪ್ಪೋ, ಇವು ನನ್ನ ದಿನದ ಕೆಲಸ. ಅವನು ಕಾಗದದ ಮೇಲೆ ಅಚ್ಚು ಹಾಕಿಕೊಟ್ಟ ತಟ್ಟೆಗಳನ್ನು ಹುಕ್ಕೇರಿಗೆ ತಂದು, ಕನ್ನಡಕಕ್ಕೆ ಬಂದ ಗಿರಾಕಿಗಳಿಗೆ ತೋರಿಸಿ ಎಷ್ಟಾಗಿದೆ ಓದಿರಿ ಎನ್ನುತ್ತಿದ್ದೆ. ಗಂಟೆಯ ವರ್ತುಲ ಮೊದಲು ಇನ್ನೂ ಸಣ್ಣದಿತ್ತು. ಯಮಕನಮರಡಿಯ ಒಬ್ಬ ಲಾರಿ ಚಾಲಕ ಅದನ್ನು ನೋಡಿ, ಇದೇನು ನೊಣ ಕೂತಿದೆಯೇ ಎಂದ ಮೇಲೆ ದೊಡ್ಡದು ಮಾಡಿಸಿದೆ. ಗೆಳೆಯ ಎಲ್ಲರೆದುರಿಗೆ, ಇದು ನಮ್ಮಿಬ್ಬರ ವಾಚು ಎನ್ನುತ್ತಿದ್ದ. ಹಾಗೆನ್ನು ಎಂದು ನಾನೇನೂ ಕೇಳಿರಲಿಲ್ಲ. ಅವನು ಅಂದಾಗ ಮಾತ್ರ ಸುಖವಾಗುತ್ತಿತ್ತು.

ಮೊದಲು ತಯಾರಾದವುಗಳಲ್ಲಿ ಒಂದನ್ನು ಅವನೇ ನನ್ನ ಕೈಗೆ ಕಟ್ಟಿದ. ಅದು ಚೆಂದದ ವಸ್ತು, ಅದರಲ್ಲಿ ಎರಡು ಮಾತಿಲ್ಲ. ಹಾಲುಬಿಳಿ ತಟ್ಟೆ, ನಡುವೆ ತೆಳ್ಳನೆಯ ನೀಲಿ ಮುಳ್ಳು, ಮೇಲೆ ಗಂಟೆ, ಕೆಳಗೆ ಸೆಕೆಂಡು. ಹಿಂದಿನ ಗಾಜಿನಲ್ಲಿ ಚಕ್ರಗಳು ಉಸಿರಾಡುವುದು ಕಾಣುತ್ತದೆ. ಬೆಳಿಗ್ಗೆ ಚಹಾ ಕುಡಿದು ಅದಕ್ಕೆ ಚಾವಿ ಕೊಡುವುದು ನನ್ನ ರೂಢಿಯಾಯಿತು. ಅತ್ತಿಗೆ ತೋರಿಸಿದಾಗ ಆಕೆ ಅದನ್ನು ಕಿವಿಗೆ ಹಿಡಿದು ನಕ್ಕಳು.

ವಾಚುಗಳು ಮಾರಾಟವಾಗತೊಡಗಿದವು. ಅಂಗಡಿಯಲ್ಲಲ್ಲ, ಇಂಟರ್ನೆಟ್ಟಿನಲ್ಲಿ. ಅದಕ್ಕಾಗಿ ಅವನು ಒಂದು ಜಾಲತಾಣ ಮಾಡಿಸಿದ್ದಾನೆಂದು ಗೊತ್ತಿತ್ತು, ತೆರೆದು ನೋಡಿರಲಿಲ್ಲ. ಜೊತೆಗೂಡಿ ಮಾಡಿದ್ದರ ಬಗ್ಗೆ ಓದುವುದೇನು ಎಂದುಕೊಂಡಿದ್ದೆ. ಕೆಲಸ ಹೆಚ್ಚಾದಂತೆ ಅವನ ಫೋನು ಕಡಿಮೆಯಾಯಿತು. ಗಡಿಯಾರ ಯಾವಾಗ ಮೂಡಲಗಿಗೆ ಎಂದು ಕೇಳಿದರೆ, ಇನ್ನೊಂದು ಸ್ವಲ್ಪ ದಿನ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನಿಡಸೋಸಿ ಕಡೆಯಿಂದ ಒಬ್ಬ ಉಪನ್ಯಾಸಕರು ಕಣ್ಣು ತೋರಿಸಲು ಬಂದರು. ಗಲ್ಲೆಯ ಮೇಜಿನ ಮೇಲೆ ಕೈಯಿಟ್ಟರು. ಮಣಿಕಟ್ಟಿನಲ್ಲಿ ಅದೇ ವಾಚು. ನನ್ನ ಅಂಗಿಯ ತೋಳು ಕೆಳಗಿಳಿದಿತ್ತು, ನನ್ನದು ಅವರಿಗೆ ಕಾಣಲಿಲ್ಲ. ವಾಚು ಬಹಳ ಚೆಂದ ಇದೆ ಎಂದೆ. ಅವರ ಬಾಯಿಂದ ಹೊಗಳಿಕೆ ಕೇಳುವ ಆಸೆ, ಮತ್ತೇನಿಲ್ಲ. ಅವರು ಉತ್ಸಾಹದಿಂದ ಅದನ್ನು ಬಿಚ್ಚಿ ನನ್ನ ಮುಂದಿಟ್ಟು, ಗಂಟೆ ಎಲ್ಲಿ ನೋಡಬೇಕು, ನಿಮಿಷ ಎಲ್ಲಿ ನೋಡಬೇಕು ಎಂದು ತಾಳ್ಮೆಯಿಂದ ಕಲಿಸಿಕೊಟ್ಟರು. ನಾನು ತಲೆಯಾಡಿಸಿದೆ. ಆಮೇಲೆ ಅವರು, "ಇದರ ಹಿಂದ ಒಂದು ಕತಿ ಐತ್ರಿ," ಎಂದರು.

ಇದನ್ನು ಮಾಡಿದವರು ಗೋಕಾಕದವರಂತೆ. ಅವರ ಅಜ್ಜ ಕುರಿ ಕಾಯುತ್ತಿದ್ದರಂತೆ. ಒಂದು ವಾಡೆಯಲ್ಲಿ ಜೋಳದ ಬದಲಿಗೆ ಗಡಿಯಾರ ಕೇಳಿದರಂತೆ. ಕುದುರೆಯ ಒಂದು ಮಗ್ಗುಲಿಗೆ ಮರಿ, ಇನ್ನೊಂದು ಮಗ್ಗುಲಿಗೆ ಗಡಿಯಾರ. ಅಜ್ಜಿ ಹಿಟ್ಟಿನ ಮಾತು ಆಡಿದ್ದನ್ನೂ ಅವರು ಹೇಳಿ ನಕ್ಕರು. ಕೊನೆಗೆ ಸ್ವಲ್ಪ ಗಂಭೀರವಾಗಿ, ಆ ಮುದುಕರು ಎಂಥ ಮಾತು ಆಡುತ್ತಿದ್ದರು ನೋಡಿರಿ ಎಂದು, ಸೂರ್ಯಪ್ಪನ ಮಾತನ್ನು ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಅಜ್ಜನ ಮಾತನ್ನು ಇಂಗ್ಲಿಷಿನಲ್ಲಿ ನಾನು ಕೇಳಿದ್ದು ಅದೇ ಮೊದಲು.

ಅವರು ತಪ್ಪು ತಿಳಿದಿರಬೇಕು ಎಂದು ಮನಸ್ಸು ಹೇಳುತ್ತಿತ್ತು. ಗೆಳೆಯನ ಅಜ್ಜ ಎಂದಿರುತ್ತಾನೆ, ಇವರು ಅವನ ಸ್ವಂತ ಅಜ್ಜ ಎಂದುಕೊಂಡಿರುತ್ತಾರೆ. ಅವರ ಕಣ್ಣು ಪರೀಕ್ಷಿಸಿದೆ, ನಂಬರು ಬರೆದೆ. ಅವರು ಬಾಗಿಲು ದಾಟಿದ ಮೇಲೆ ಫೋನಿನಲ್ಲಿ ಗೆಳೆಯನ ಜಾಲತಾಣ ತೆರೆದೆ.

ತಪ್ಪು ತಿಳುವಳಿಕೆ ಏನೂ ಇರಲಿಲ್ಲ. 'ನನ್ನ ಅಜ್ಜ' ಎಂದೇ ಶುರುವಾಗಿತ್ತು. ಅತ್ತಿ ಹೇಳಿದ್ದೆಲ್ಲ ಇತ್ತು: ಕೈ ತೊಳೆಯುವುದು, ಮರಿ ಸತ್ತ ದಿನ ಚಾವಿ ಕೊಡದಿರುವುದು. ನಮ್ಮ ಗಡಿಯಾರ ಅವನ ಮನೆಯ ಗೋಡೆಯ ಮೇಲಿರುವ ಚಿತ್ರವಿತ್ತು, ಕೆಳಗೆ 'ನಮ್ಮ ಮನೆತನದ ಗಡಿಯಾರ' ಎಂದಿತ್ತು. ಎಲ್ಲಕ್ಕೂ ಮೇಲೆ ಆ ಫೋಟೋ. ಪಕ್ಕದ ಹುಡುಗಿಯನ್ನು ಕತ್ತರಿಸಿ ತೆಗೆದಿದ್ದರು. ಆದರೆ ಅವಳ ಮುಷ್ಟಿ ಕಂಬಳಿಗೆ ಅಂಟಿಕೊಂಡಿತ್ತು. ಅದನ್ನು ತೆಗೆದರೆ ಕಂಬಳಿಯೂ ಹೋಗುತ್ತಿತ್ತೇನೋ, ಬಿಟ್ಟಿದ್ದರು. ನಾನು ಆ ಪುಟವನ್ನು ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಎಷ್ಟು ಸಲ ಓದಿದೆನೋ. ಎಲ್ಲಾದರೂ ನಾನಿದ್ದೇನೆಯೇ, ಕೊನೆಗೆ 'ಒಬ್ಬ ಸ್ನೇಹಿತ' ಎಂದಾದರೂ ಇದೆಯೇ ಎಂದು ಹುಡುಕುತ್ತಿದ್ದೆ. ಇರಲಿಲ್ಲ.

ಮರುದಿನ ಅಂಗಡಿ ತೆರೆಯದೆ ಗೋಕಾಕಕ್ಕೆ ಹೋದೆ. ಗೆಳೆಯ ಬೆಳಗಾವಿಯಿಂದ ಬರುವ ಹಾದಿಯಲ್ಲಿದ್ದ. ಮನೆಯ ಕಟ್ಟೆಯ ಮೇಲೆ ಅವನ ಅಪ್ಪ ಕೂತಿದ್ದರು. ಅವರನ್ನು ನಾನು ಮೊದಲಿನಿಂದ ಕಾಕಾ ಎನ್ನುವುದು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ಕನ್ನಡಕ ಮಾಡಿಕೊಟ್ಟವನೂ ನಾನೇ. ಚಹಾ ಮಾಡಿಸುತ್ತೇನೆ ಎಂದು ಎದ್ದವರನ್ನು ಕೂರಿಸಿದೆ. ಅವರಿಗೆ ನನ್ನ ಮುಖ ನೋಡಿದ ಕೂಡಲೇ ಗೊತ್ತಾಗಿರಬೇಕು. ಕೇಳದೆಯೇ ಹೇಳಿದರು.

"ನಮ್ಮಪ್ಪಗ ಕುರಿ ಕಂಡ್ರ ಅಂಜಿಕಿ ಇತ್ತ ತಮ್ಮಾ. ಸಣ್ಣಾಂವಿದ್ದಾಗ ಒಂದು ಟಗರು ಹಾದಿತ್ತಂತ."

ಕನ್ನಡಕ ತೆಗೆದು ಧೋತರದ ಚುಂಗಿಗೆ ಒರೆಸುತ್ತ, "ಯಾರರ ಬಂದು ಕೇಳಿದ್ರ ಹೌದು ಅನ್ನಪ್ಪಾ ಅಂತ ನನಗೂ ಹೇಳ್ಯಾನ," ಎಂದರು. "ಒಮ್ಮೆ ಯಾರೋ ಕ್ಯಾಮೆರಾ ತಗೊಂಡು ಬಂದಿದ್ರು. ನಾ ಹೌದು ಅಂದೆ."

ಅಲ್ಲಿಯವರೆಗೆ ನನ್ನೊಳಗೆ ಒಂದು ಸಣ್ಣ ಆಸೆ ಉಳಿದಿತ್ತು. ಇದನ್ನೆಲ್ಲ ಬರೆದವನು ಬೇರೆ ಯಾರೋ ಇರಬಹುದು, ಇವನಿಗೆ ಗೊತ್ತೇ ಇಲ್ಲದಿರಬಹುದು ಎಂದು. ಕಾಕಾನ ಆ ಮಾತಿನೊಂದಿಗೆ ಅದೂ ಹೋಯಿತು. ನನಗಿಂತ ಹೆಚ್ಚು ಕೆಟ್ಟದ್ದು ಆ ಮುದುಕರಿಗೆ ಆಗಿತ್ತು ಎಂದು ಈಗ ಅನಿಸುತ್ತದೆ. ಅಂದು ಹಾಗೆ ಅನಿಸಲಿಲ್ಲ. ಇವರೂ ಸೇರಿಕೊಂಡರಲ್ಲ ಎಂದು ಅವರ ಮೇಲೂ ಸಿಟ್ಟು ಬಂತು.

ಗೆಳೆಯ ಬಂದ. ಕೆಲಸದ ಕೋಣೆಗೆ ಕರೆದುಕೊಂಡು ಹೋದ. ನಮ್ಮ ಗಡಿಯಾರ ಅಲ್ಲೇ ಗೋಡೆಯ ಮೇಲೆ ನಡೆಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಕೇಳಿದ: "ಓದಿದ್ಯಾ?"

"ಓದಿದೆ."

ಅವನು ಸುಳ್ಳು ಹೇಳಲಿಲ್ಲ, ಅದು ನಿಜ. ನಾಚಿದಂತೆಯೂ ಕಾಣಲಿಲ್ಲ. ಕುರ್ಚಿ ನನ್ನ ಕಡೆ ಸರಿಸಿ, ಗಿರಾಕಿಗೆ ತಿಳಿಸಿ ಹೇಳುವಂತೆ ಹೇಳಿದ. ಇಂಥ ವಾಚು ಕೊಳ್ಳುವವರು ವೇಳೆ ನೋಡಲು ಕೊಳ್ಳುವುದಿಲ್ಲ, ವೇಳೆ ಅವರ ಫೋನಿನಲ್ಲೇ ಇದೆ. ಮಾಡಿದವನ ಮನೆಯ ಕತೆ ಬೇಕು ಅವರಿಗೆ. ಗೆಳೆಯನ ಅಜ್ಜ ಎಂದು ಬರೆದರೆ, ಹಾಗಾದರೆ ನೀನು ಯಾರು ಎಂದು ಕೇಳುತ್ತಾರೆ.

"ನಿಮ್ಮ ಮನ್ಯಾಗ ಅಜ್ಜ ಇರಲಿಲ್ಲೇನು?" ಎಂದೆ.

"ಆಟಿಗಿ ಮಾಡಾಂವನ ಮೊಮ್ಮಗ ವಾಚ್ ಮಾಡ್ಯಾನ ಅಂತ ಬರದ್ರ, ಅದನ್ನೂ ಆಟಿಗಿ ಅಂತಾರೋ."

ಅವನು ಹಾಗೆಂದಾಗ ಕಟ್ಟೆಯ ಮೇಲೆ ಕಾಕಾ ಕೆಮ್ಮಿದ್ದು ಕೇಳಿಸಿತು. ಬಾಗಿಲು ತೆರೆದೇ ಇತ್ತು.

"ನನ್ನ ಒಂದು ಮಾತು ಕೇಳಬೇಕಿತ್ತು," ಎಂದೆ.

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

"ಹೌದು."

"ಅದಕ್ಕ ಕೇಳಲಿಲ್ಲ."

ಅವನು ಇನ್ನೂ ಹೇಳಿದ. ಆ ಕತೆ ಇಟ್ಟುಕೊಂಡು ನೀನೇನು ಮಾಡುವವನಿದ್ದೆ, ಇಷ್ಟು ವರ್ಷ ನನ್ನೊಬ್ಬನಿಗೆ ಹೇಳಿದೆ, ನಾನು ಲೋಕಕ್ಕೆಲ್ಲ ಹೇಳಿದೆ, ನಿನ್ನ ಅಜ್ಜನಿಗೆ ಅದರಿಂದ ಏನು ಕಡಿಮೆಯಾಯಿತು ಎಂದ. ಒಂದು ಕ್ಷಣ ನನಗೇ ಹೌದಲ್ಲ ಅನಿಸಿತು. ಅಷ್ಟು ಚೆನ್ನಾಗಿ ಮಾತಾಡುತ್ತಿದ್ದ. ಆಮೇಲೆ ಆ ಮುಷ್ಟಿ ನೆನಪಾಯಿತು. ಅತ್ತಿಯನ್ನು ಯಾಕೆ ತೆಗೆದೆ ಎಂದು ಕೇಳಿದೆ. ಅವನಿಗೆ ನಾನು ಯಾರ ಬಗ್ಗೆ ಹೇಳುತ್ತಿದ್ದೇನೆಂದು ಕೂಡಲೇ ಹೊಳೆಯಲಿಲ್ಲ. ಫೋಟೋದಲ್ಲಿದ್ದ ಹುಡುಗಿ ಎಂದ ಮೇಲೆ, "ಓ, ಅದು ಫ್ರೇಮಿನ್ಯಾಗ ಕೂಡಲಿಲ್ಲ," ಎಂದ.

ಮೂಡಲಗಿಗೆ ಬಂದ ದಿನ ಆಕೆಯ ಕೈಯಿಂದ ಡಬ್ಬಿ ಇಸಿದುಕೊಂಡು ಕಾಲು ಮುಟ್ಟಿ ನಮಸ್ಕಾರ ಮಾಡಿದ್ದ ಅವನು. ನಾನು ಎದ್ದು ಬಂದೆ. ಕಾಕಾ ಕಟ್ಟೆಯ ಮೇಲೆ ಇರಲಿಲ್ಲ.

ಅತ್ತಿಗೆ ಹೇಳುವುದೋ ಬಿಡುವುದೋ ಎಂದು ನಾಲ್ಕಾರು ದಿನ ಒದ್ದಾಡಿದೆ. ಮೂಡಲಗಿಗೆ ಹೋದಾಗ ಆಕೆಗೆ ಆಗಲೇ ಅರ್ಧ ಗೊತ್ತಿತ್ತು. ಮೊಮ್ಮಗಳು ಫೋನಿನಲ್ಲಿ ಆ ಪುಟ ತೋರಿಸಿದ್ದಳು. ಇಂಗ್ಲಿಷು ಓದಲು ಬಾರದ ಆಕೆಗೆ ಅಪ್ಪನ ಚಿತ್ರವಷ್ಟೇ ಕಂಡಿತ್ತು. ಅಪ್ಪನಿಗೆ ಎಷ್ಟು ಮರ್ಯಾದೆ ಮಾಡಿದ್ದಾನೆ ಹುಡುಗ ಎಂದು ನೆರೆಮನೆಯವರಿಗೂ ತೋರಿಸಿದ್ದಳು. ಒಂದೇ ಒಂದು ಅನುಮಾನ ಆಕೆಯನ್ನು ಕಾಡುತ್ತಿತ್ತು. ನಾನು ಕೂತ ಕೂಡಲೇ ಫೋನು ತರಿಸಿ, ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದಳು.

"ಕೈ ಅಷ್ಟ ಐತಿ ನೋಡ ಇಲ್ಲಿ. ಉಳದಾಕಿ ನಾ ಎಲ್ಲಿ ಹೋದೆ?"

ನಾನು ಎಲ್ಲವನ್ನೂ ಹೇಳಿದೆ. ಪುಟವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. 'ನನ್ನ ಅಜ್ಜ' ಎಂದು ಬಂದಲ್ಲೆಲ್ಲ ನನ್ನ ಬಾಯಲ್ಲಿ ಅದು ಸರಿಯಾಗಿಯೇ ಕೇಳಿಸುತ್ತಿತ್ತು. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಮರಿ ಸತ್ತ ದಿನದ ಮಾತು ಬಂದಾಗ ಮಾತ್ರ, ಅದನ್ನು ನಾನು ನನ್ನ ಗಂಡನ ಮುಂದೆ ಸಹ ಹೇಳಿರಲಿಲ್ಲ ಎಂದಳು. ಆಮೇಲೆ ನನ್ನನ್ನು ನೋಡಿದಳು. 'ಅವನು ಬೇರೆ ಅಲ್ಲ, ನಾನು ಬೇರೆ ಅಲ್ಲ' ಎಂದು ನಾನು ಅಂದದ್ದು ಆಕೆಗೆ ನೆನಪಿತ್ತೋ ಇಲ್ಲವೋ, ನನಗಂತೂ ನೆನಪಿತ್ತು. ಆಕೆ ಎದ್ದು, ಗೋಡೆಯ ಮೇಲೆ ಸುಣ್ಣ ಮಾಸದೆ ಉಳಿದಿದ್ದ ಉದ್ದನೆಯ ಬಿಳಿ ಜಾಗವನ್ನು ಅಂಗೈಯಿಂದ ಸವರಿದಳು.

"ಗಡ್ಯಾಳ ತರಸು. ಅಂವಗೂ ಬಾ ಅನ್ನು. ನನ್ನ ಮುಂದ ಕುಂತು ಒಮ್ಮೆ ಹೇಳಲಿ."

ನಾನು ಫೋನು ಮಾಡಿದೆ. ಅವನು ತಕರಾರು ಮಾಡಲಿಲ್ಲ. ಬರುವ ಭಾನುವಾರ ತರುತ್ತೇನೆ, ಅತ್ತಿಗೆ ನಾನೇ ತಿಳಿಸಿ ಹೇಳುತ್ತೇನೆ ಎಂದ. ಅದನ್ನು ಆಕೆಗೆ ಮುಟ್ಟಿಸಿದೆ. ಭಾನುವಾರ ನಾನು ಹೋಗುವಷ್ಟರಲ್ಲಿ ಒಲೆಯ ಮೇಲೆ ಹೋಳಿಗೆ ಬೇಯುತ್ತಿತ್ತು. ಸೊಸೆಗೆ ಸಿಟ್ಟು, ಇಂಥವನಿಗೆ ಹೋಳಿಗೆ ಯಾಕೆ ಎಂದು ಗೊಣಗುತ್ತಿದ್ದಳು. ಮನೆಗೆ ಬರುವವನು ಏನೇ ಮಾಡಿರಲಿ, ಉಂಡ ಮೇಲೆ ಮಾತು ಎಂದು ಅತ್ತಿ ಹೂರಣ ತುಂಬುತ್ತಲೇ ಇದ್ದಳು.

ಮಧ್ಯಾಹ್ನದ ಹೊತ್ತಿಗೆ ಬಾಗಿಲಿಗೆ ಒಂದು ಟೆಂಪೋ ಬಂದು ನಿಂತಿತು. ಚಾಲಕನೊಬ್ಬನೇ ಇಳಿದ. ಹಿಂದೆ ಯಾರಾದರೂ ಇಳಿಯುತ್ತಾರೆಂದು ಅತ್ತಿ ಸ್ವಲ್ಪ ಹೊತ್ತು ಕಾದಳು. ಯಾರೂ ಇರಲಿಲ್ಲ. ಸಾಹೇಬರಿಗೆ ಕೆಲಸ ಬಂತು, ನಮಸ್ಕಾರ ಹೇಳಿದ್ದಾರೆ ಎಂದು ಚಾಲಕ ಹೇಳಿದ. ಗಡಿಯಾರವನ್ನು ಹಾಸಿಗೆಯಷ್ಟು ದಪ್ಪ ಸ್ಪಂಜಿನಲ್ಲಿ ಸುತ್ತಿ, ಕಟ್ಟಿಗೆಯ ಪೆಟ್ಟಿಗೆಯೊಳಗೆ ಕೂರಿಸಿದ್ದರು. ಒಂದು ಗೀರು ಬಿದ್ದಿರಲಿಲ್ಲ. ಗಾಜು ತೊಳೆದಂತಿತ್ತು, ಹಿತ್ತಾಳೆಯ ತೂಕದ ಗುಂಡು ಹೊಳೆಯುತ್ತಿತ್ತು, ಗೆಳೆಯ ಎಣ್ಣೆ ಹಾಕಿ ಎಲ್ಲವನ್ನೂ ಹದ ಮಾಡಿದ್ದ. ಏನಾದರೂ ಕೆಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲು ಒಂದು ಕಾರಣ ಕೈಗೆ ಸಿಗುತ್ತಿತ್ತು. ಫೋಟೋವನ್ನು ಹೊಸ ಕಟ್ಟು ಹಾಕಿಸಿ ಕಳಿಸಿದ್ದ. ಅದರಲ್ಲಿ ಅತ್ತಿ ಪೂರ್ತಿ ಇದ್ದಳು.

ನಾನೂ ಚಾಲಕನೂ ಸೇರಿ ಗಡಿಯಾರವನ್ನು ಗೋಡೆಗೆ ಏರಿಸಿದೆವು. ಅತ್ತಿ ಅವನಿಗೆ ಎಲೆ ಹಾಕಿ ಕೂರಿಸಿದಳು. ಅವನು ಹಸಿದಿದ್ದ. ಹೋಳಿಗೆ, ಹಾಲು, ತುಪ್ಪ, ಕಟ್ಟಿನ ಸಾರು ಎಲ್ಲ ಮೆಚ್ಚಿ ಉಂಡ. ನಡುವೆ ತಲೆಯೆತ್ತಿ ಗಡಿಯಾರ ನೋಡಿ ಕೇಳಿದ:

"ಸಾಹೇಬ್ರ ಅಜ್ಜಂದಂತಲ್ರಿ ಇದು. ನಿಮಗ್ಯಾಕ ಕೊಟ್ರು?"

ಸೊಸೆ ಒಳಗಿನಿಂದ ಸರಕ್ಕನೆ ಬಾಗಿಲಿಗೆ ಬಂದಳು. ನಾನು ಅತ್ತಿಯ ಮುಖ ನೋಡಿದೆ. ಆಕೆ ಬುಟ್ಟಿಯಿಂದ ಹೋಳಿಗೆ ತೆಗೆದು ಅವನ ಎಲೆಗೆ ಹಾಕಿ, "ಇನ್ನೊಂದ ತಿನ್ನಪಾ, ತುಪ್ಪಾ ಹಾಕತೇನಿ," ಎಂದಳು.

ಅವನು ಹೋದ ಮೇಲೆ, ಯಾಕೆ ಹೇಳಲಿಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. "ಉಣ್ಣಾಕ ಕುಂತಾಂವಗ ಏನ ಹೇಳೂದು," ಎಂದಳು. ಎಂಜಲು ಬಳಿಯುತ್ತಿದ್ದಳು. ಆ ದಿನ ಆಕೆ ಉಣ್ಣಲಿಲ್ಲ.

ಕೆಲವು ತಿಂಗಳ ಮೇಲೆ ಆ ಜಾಲತಾಣ ತೆರೆದು ನೋಡಿದೆ. ನೋಡಬಾರದು ಎಂದುಕೊಂಡೇ ನೋಡಿದೆ. ಫೋಟೋ ತೆಗೆದುಹಾಕಿದ್ದ. 'ನನ್ನ ಅಜ್ಜ' ಎಂಬುದು ಎಲ್ಲ ಕಡೆ ಬದಲಾಗಿ 'ಈ ಸೀಮೆಯ ಒಬ್ಬ ಕುರಿಗಾಹಿ' ಎಂದಾಗಿತ್ತು. ಉಳಿದದ್ದೆಲ್ಲ ಹಾಗೆಯೇ: ಕುದುರೆ, ಮರಿಗಳು, ಸೂರ್ಯಪ್ಪ. ಅವನಿಗೆ ಇದು ರಾಜಿ ಅನಿಸಿರಬೇಕು. ನನಗೆ ಮೊದಲಿಗಿಂತ ಹೆಚ್ಚು ನೋವಾಯಿತು. ಮೊದಲು ಅಜ್ಜ ಅವನ ಪಾಲಾಗಿದ್ದ, ಈಗ ಯಾರ ಪಾಲಿಗೂ ಇಲ್ಲದಂತಾದ. ಹುಕ್ಕೇರಿಯಲ್ಲಿ ಯಾರಿಗಾದರೂ ನಾನು ಈ ಕತೆ ಹೇಳಿದರೆ, ವಾಚಿನ ಜಾಹೀರಾತಿನಲ್ಲಿ ಓದಿದ್ದೇನೆ ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ನನ್ನ ಮಗಳ ಗೆಳತಿಯೊಬ್ಬಳು ಹಾಗೆ ಅಂದದ್ದೂ ಉಂಟು. ಆಮೇಲೆ ಹೇಳುವುದನ್ನು ಬಿಟ್ಟೆ.

ಅವನು ಕೊಟ್ಟ ವಾಚನ್ನು ಹಿಂದಿರುಗಿಸಬೇಕೆಂದು ಕಟ್ಟಿ ಇಟ್ಟಿದ್ದೆ. ಕಳಿಸಲಿಲ್ಲ. ಆ ಗಂಟೆಯ ವರ್ತುಲ ಅಷ್ಟು ದೊಡ್ಡದಾಗಿರುವುದು ನನ್ನಿಂದ. ಕಟ್ಟಿಕೊಳ್ಳಲೂ ಮನಸ್ಸು ಬರುವುದಿಲ್ಲ, ಬಿಡಲೂ ಬರುವುದಿಲ್ಲ.

ಮೊನ್ನೆ ಯಮಕನಮರಡಿಯ ಹತ್ತಿರ ಹೆದ್ದಾರಿಯ ಚಹಾದಂಗಡಿಯಲ್ಲಿ ನಿಂತಿದ್ದೆ. ಎದುರು ಬದಿಗೆ ಒಂದು ಕಾರು ನಿಂತು ಅವನು ಇಳಿದ. ದಪ್ಪಗಾಗಿದ್ದ. ಹೊಸ ಕನ್ನಡಕ ಹಾಕಿದ್ದ, ಬೇರೆ ಅಂಗಡಿಯದು. ಅವನ ಬಲಗಿವಿ ಎಡಗಿವಿಗಿಂತ ತುಸು ಮೇಲಿದೆ; ಕಡ್ಡಿಯನ್ನು ಅದಕ್ಕೆ ತಕ್ಕಂತೆ ಬಾಗಿಸದಿದ್ದರೆ ಕನ್ನಡಕ ಓರೆಯಾಗುತ್ತದೆ. ಓರೆಯಾಗಿಯೇ ಇತ್ತು. ಅವನು ಅದನ್ನು ಬೆರಳಿನಿಂದ ಸರಿಮಾಡಿಕೊಳ್ಳುತ್ತಲೇ ನನ್ನನ್ನು ಕಂಡ. ಕೈ ಎತ್ತಿದ. ನನ್ನ ಒಂದು ಕೈಯಲ್ಲಿ ಚಹಾದ ಕಪ್ಪು, ಇನ್ನೊಂದರಲ್ಲಿ ಲೆನ್ಸಿನ ಪೆಟ್ಟಿಗೆ ಇತ್ತು. ನಾನು ಕೈ ಎತ್ತಲಿಲ್ಲ. ನಡುವೆ ಒಂದು ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲರ್ ಎಳೆದುಕೊಂಡು ನಿಧಾನವಾಗಿ ಹಾದುಹೋಯಿತು. ಅದು ದಾಟುವಷ್ಟರಲ್ಲಿ ನಾನು ಚಹಾ ಮುಗಿಸಿ, ಪಕ್ಕದಲ್ಲೇ ನಿಂತಿದ್ದ ಹುಕ್ಕೇರಿಯ ಬಸ್ಸು ಹತ್ತಿದ್ದೆ.